ಮೈಕು ಕೇಳಿಸಿಕೊಂಡ ಮಾತು

"ಒಂದು ನಿಮಿಷ ನಿಲ್ಲಿ. ಏನಾದ್ರೂ ಮಾತಾಡಿ."

ಮೆಟ್ಟಿಲ ಬುಡದಲ್ಲಿ ದಾರಿಗೆ ಅಡ್ಡ ಬಂದ ಕೈಯನ್ನು ಕಂಡು ವಿಮಲಾ ಬೆಚ್ಚಿಬಿದ್ದಳು. ಆ ಕೈಯಲ್ಲೊಂದು ಕಪ್ಪು ಮೈಕಿತ್ತು. ಅದರ ವೈರು ಅಂಗಡಿಯೊಳಗಿನ ಮೇಜಿನವರೆಗೂ ಹೋಗಿತ್ತು.

ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿ ಅದು. ಮೇಲೆ ಟೈಪಿಂಗ್ ಕ್ಲಾಸು, ಕೆಳಗೆ ಫೋಟೋ ಸ್ಟುಡಿಯೋ. ಅಜ್ಜಂಪುರದ ವಿಮಲಾ, ದೊಡ್ಡಮ್ಮ ಕಾಶಮ್ಮನ ಮನೆಯಲ್ಲಿದ್ದುಕೊಂಡು ಟೈಪಿಂಗ್ ಕಲಿಯೋಣವೆಂದು ಬಂದ ಮೊದಲ ದಿನವೇ ಇದೇನು ಗ್ರಹಚಾರ…

"ಏನ್ರೀ ಇದು? ಹೆಣ್ಣುಮಕ್ಕಳು ಓಡಾಡೋ ಜಾಗದಲ್ಲಿ ಅಡ್ಡ ಹಾಕ್ತೀರಲ್ಲ, ನಾಚಿಕೆ ಆಗಲ್ವಾ? ಅಕ್ಕತಂಗೀರು ಇಲ್ವಾ ನಿಮಗೆ?"

ಆ ಮನುಷ್ಯನಿಗೆ ನಾಚಿಕೆ ಆದಂತೆ ಕಾಣಲಿಲ್ಲ. ಬಲಗಿವಿಗೆ ಸಿಕ್ಕಿಸಿಕೊಂಡಿದ್ದ ಇಯರ್‌ಫೋನನ್ನು ಬೆರಳಿನಿಂದ ಒತ್ತಿ ಹಿಡಿದು, ಕಣ್ಣು ಮುಚ್ಚಿಕೊಂಡು ಅವಳ ಬೈಗುಳವನ್ನು ಆನಂದದಿಂದ ಕೇಳುತ್ತಿದ್ದ.

"ಬಂತು ವಜೀರ್ ಸಾಬ್ರೇ, ಬಂತು. ಒಂದಕ್ಷರ ಬಿಡದ ಹಾಗೆ ಬಂತು." ಆಮೇಲೆ ಕಣ್ಣು ತೆರೆದು ಅವಳ ಕಡೆ ತಿರುಗಿದ. "ದಯವಿಟ್ಟು ಇನ್ನೊಂದು ಸ್ವಲ್ಪ ಬೈತೀರಾ?"

ಒಳಗಿನಿಂದ ಬಿಳಿಗಡ್ಡದ ವಜೀರ್ ಸಾಬ್ ಓಡಿಬಂದರು. "ತಪ್ಪು ತಿಳ್ಕೋಬೇಡಿ ಕಣಮ್ಮ. ಹುಡುಗ ಒಳ್ಳೇವ್ನು. ಹೆಸ್ರು ತೀರ್ಥಪ್ಪ. ಮದ್ವೆ ವಿಡಿಯೋ ತೆಗೀತಾನೆ, ನಾನು ಲೈಟ್ ಹಿಡೀತೀನಿ. ಈ ಮೈಕೊಂದು ನಮ್ಮ ಪ್ರಾಣ ತಿಂತೈತೆ. ಅಂಗಡೀಲಿ ವಾಚಾಳಿ, ಮದ್ವೆ ಮನೇಗೆ ಹೋದ್ರೆ ಮೂಗ."

ವಿಮಲಾ ಮುಖ ತಿರುಗಿಸಿಕೊಂಡು ಮೆಟ್ಟಿಲು ಹತ್ತಿದಳು. ಆದರೆ ಟೈಪ್‌ರೈಟರಿನ ಮುಂದೆ ಕೂತ ಮೇಲೆ ನಗು ತಡೆಯಲಾಗಲಿಲ್ಲ. ಬೈಸಿಕೊಳ್ಳುವುದಕ್ಕೆ ಅಷ್ಟು ಖುಷಿಪಟ್ಟ ಗಂಡಸನ್ನು ಅವಳು ಎಲ್ಲಿಯೂ ನೋಡಿರಲಿಲ್ಲ.

ಎಂಬತ್ತಾರನೇ ಇಸವಿ ಅದು. ಮದುವೆಗೆ ವಿಡಿಯೋ ಎಂದರೆ ಆ ಕಡೆಯ ಊರುಗಳಲ್ಲಿ ಇನ್ನೂ ಹೊಸದು. ಮಾಂಗಲ್ಯಧಾರಣೆಯ ಹೊತ್ತಿಗೆ ಜನ ಮದುಮಕ್ಕಳನ್ನು ಬಿಟ್ಟು ಕ್ಯಾಮೆರಾ ನೋಡುತ್ತಿದ್ದರು. ಕ್ಯಾಮೆರಾದ ಜೊತೆಗೇ ಒಂದು ಮೈಕು ಇರುತ್ತದೆ, ಆದರೆ ಅದು ಪಾತ್ರೆ ಸದ್ದನ್ನೂ ಓಲಗವನ್ನೂ ಒಟ್ಟಿಗೆ ಎಳೆದುಕೊಳ್ಳುತ್ತದೆ. ಮಂತ್ರ, ಮಾತು ಸ್ಪಷ್ಟವಾಗಿ ಬೇಕೆಂದರೆ ಹೊರಗಿನ ಮೈಕಿನ ಪಿನ್ನು ಚುಚ್ಚಬೇಕು. ಚುಚ್ಚಿದೊಡನೆ ಕ್ಯಾಮೆರಾದ ಸ್ವಂತ ಮೈಕು ಬಾಯಿ ಮುಚ್ಚಿಕೊಳ್ಳುತ್ತದೆ. ಹೊರಗಿನದು ಕೈಕೊಟ್ಟರೆ ಇಡೀ ಮದುವೆ ಮೂಕಿಚಿತ್ರ.

ಆ ಭಯ ತೀರ್ಥಪ್ಪನನ್ನು ನಿದ್ದೆಯಲ್ಲೂ ಬಿಡುತ್ತಿರಲಿಲ್ಲ. ಮದುವೆ ಮನೆಯಲ್ಲಿ ಇಯರ್‌ಫೋನಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಹೆದರಿ ಪಿನ್ನು ಕೀಳುತ್ತಿದ್ದ. ಅಂಗಡಿಗೆ ಬಂದು ಮೇಜಿನ ಮೇಲಿಟ್ಟು ನೋಡಿದರೆ ಎಲ್ಲ ಸರಿ! ಬ್ಯಾಟರಿ ಬದಲಾಯಿಸಿದ. ವೈರು ಬದಲಾಯಿಸಿದ. ಪಿನ್ನಿಗೆ ಹೊಸದಾಗಿ ಬೆಸುಗೆ ಹಾಕಿದ. ಇಯರ್‌ಫೋನನ್ನೇ ಹೊಸದು ತಂದ. ಮುಂದಿನ ಮದುವೆಯಲ್ಲಿ ಮತ್ತದೇ ರಾಮಾಯಣ.

ಹೀಗಾಗಿ ಪರೀಕ್ಷೆಗೆ ಒಂದು ದನಿ ಬೇಕಾಗುತ್ತಿತ್ತು. ಆ ದನಿ ದಿನಾ ಅದೇ ಮೆಟ್ಟಿಲು ಹತ್ತಿ ಇಳಿಯುತ್ತಿತ್ತು.

"ಏನು ಹೇಳ್ಲಿ?" ಎನ್ನುತ್ತಿದ್ದಳು ವಿಮಲಾ, ಮೈಕು ಹಿಡಿದು ಬೀದಿಯವರೆಗೂ ಹೋಗಿ ನಿಂತು.

"ಏನಾದ್ರೂ. ಮನೇಲಿ ಏನು ಸಾರು?"

"ಹುರುಳಿಕಾಳು ಬಸ್ಸಾರು. ನಮ್ಮ ದೊಡ್ಡಮ್ಮ ಉಪ್ಪು ಜಾಸ್ತಿ ಹಾಕ್ತಾರೆ. ಅವರಿಗೆ ಹೇಳೋ ಧೈರ್ಯ ನನಗಿಲ್ಲ. ನಮ್ಮ ಟೈಪಿಂಗ್ ಮೇಷ್ಟ್ರು ಪಾಠ ಮಾಡ್ತಾ ತೂಕಡಿಸ್ತಾರೆ…"

ಪಿಸುಗುಟ್ಟಿದರೂ ಅವನಿಗೆ ಕೇಳಿಸುತ್ತಿತ್ತು. ಒಳಗೆ ಕೂತವನ ಮುಖದಲ್ಲಿ ನಗು ಹರಡುವುದನ್ನು ಅವಳು ಬೀದಿಯಿಂದಲೇ ನೋಡುತ್ತಿದ್ದಳು. ಇಡೀ ಬಸ್ ಸ್ಟ್ಯಾಂಡಿನ ಗದ್ದಲದ ನಡುವೆ ತನ್ನ ಮಾತು ಅವನೊಬ್ಬನ ಕಿವಿಗೆ ಹೋಗುತ್ತಿದೆ ಎನ್ನುವುದೇ ಅವಳಿಗೆ ಒಂದು ಸುಖವಾಯಿತು. ಮನೆಯಲ್ಲಿ ಯಾರ ಹತ್ತಿರವೂ ಹೇಳದ ಮಾತುಗಳನ್ನು ಅವಳು ಆ ಮೈಕಿಗೆ ಹೇಳತೊಡಗಿದಳು.

ಯಾವಾಗ ಮನಸ್ಸು ಕೊಟ್ಟೆ ಎಂದು ಅವಳಿಗೇ ಗೊತ್ತಿಲ್ಲ. ಕೊಟ್ಟಾಗಿತ್ತು. ಅಷ್ಟೇ.

* * *

ಕಾಶಮ್ಮನ ಮಗ ಬಸವರಾಜನಿಗೆ ಕಡೂರಿನಲ್ಲಿ ಹೆಣ್ಣು ಗೊತ್ತಾಯಿತು. ಅಲ್ಲೇ ನಡೆಯುವ ಮದುವೆಯ ವಿಡಿಯೋ ತೀರ್ಥಪ್ಪನಿಗೇ ಒಪ್ಪಿಸಿದರು. ಅಜ್ಜಂಪುರದಿಂದ ವಿಮಲಾಳ ಅಪ್ಪ ಮಲ್ಲಿಕಾರ್ಜುನಪ್ಪ, ಅವ್ವ ವಿಶಾಲಾಕ್ಷಮ್ಮ ಬಂದರು. ಅಪ್ಪನದು ಅಜ್ಜಂಪುರದ ಪೇಟೆ ಬೀದಿಯಲ್ಲಿ ದಿನಸಿ ಅಂಗಡಿ. ಅಳತೆ ತಪ್ಪದ ಮನುಷ್ಯ, ಮಾತಿನಲ್ಲೂ ಅಷ್ಟೇ.

ಮುಹೂರ್ತದ ಬೆಳಗ್ಗೆ ಅವ್ವ ಅವಳ ಜಡೆಗೆ ಹೂವು ಮುಡಿಸುತ್ತಾ ಕಿವಿಯಲ್ಲಿ ಹೇಳಿದಳು.

"ಚೆನ್ನಾಗಿರೋ ಸೀರೆ ಉಟ್ಕೊಳೇ. ದೇವನೂರಿನ ಕರಿಸಿದ್ದಪ್ಪನೋರು ಬಂದಿದಾರೆ, ಹೆಣ್ಣಿನ ಕಡೆ ನೆಂಟ್ರು. ಅವ್ರ ಮಗನಿಗೆ ನಿನ್ನ ನೋಡ್ತಾರೆ. ಒಪ್ಪಿದ್ರೆ ಇವತ್ತೇ ಮಾತು ಕೊಟ್ಬಿಡ್ತಾರಂತೆ ನಿಮ್ಮಪ್ಪ."

ಇವತ್ತೇ? ಅಪ್ಪ ಒಮ್ಮೆ ಮಾತು ಕೊಟ್ಟರೆ ಮುಗಿಯಿತು. ಹಿಂದಕ್ಕೆ ತೆಗೆದುಕೊಳ್ಳುವ ಜಾತಿಯಲ್ಲ.

ಮಂಟಪದ ಮುಂದೆ ತೀರ್ಥಪ್ಪ ಕ್ಯಾಮೆರಾವನ್ನು ಬಲಭುಜದ ಮೇಲೇರಿಸಿ, ಬಲಗೆನ್ನೆಯನ್ನು ಅದಕ್ಕೆ ಒತ್ತಿಕೊಂಡು, ತಾಂಬೂಲದ ತಟ್ಟೆಗಳ ಚಿತ್ರ ಹಿಡಿಯುತ್ತಾ ನಿಂತಿದ್ದ. ಇಯರ್‌ಫೋನು ಎಡಗಿವಿಯಲ್ಲಿತ್ತು. ವಜೀರ್ ಸಾಬರ ಲೈಟಿನ ಶಾಖಕ್ಕೆ ಎಲ್ಲರೂ ಬೆವರುತ್ತಿದ್ದರು.

"ಸ್ವಲ್ಪ ಮೈಕ್ ಹಿಡ್ಕೊಳ್ತೀರಾ ವಿಮಲಾ ಅವ್ರೇ? ಅಯ್ಯನೋರು ಮಂತ್ರ ಶುರು ಮಾಡೋಕೆ ಮುಂಚೆ ಒಂದ್ಸಲ ಟೆಸ್ಟ್ ಮಾಡ್ಬಿಡೋಣ. ಮಾತಾಡಿ."

ಮೈಕು ಅವಳ ಕೈಗೆ ಬಂತು. ಓಲಗ ಊದುತ್ತಿತ್ತು. ಮಕ್ಕಳು ಕಿರುಚುತ್ತಿದ್ದರು. ಪಕ್ಕದಲ್ಲಿ ನಿಂತವರಿಗೂ ಪಕ್ಕದವರ ಮಾತು ಕೇಳಿಸದ ಸದ್ದು. ಇಲ್ಲಿ ಹೇಳಿದರೆ ಅವನೊಬ್ಬನಿಗೆ ಮಾತ್ರ…

*ಈಗ ಹೇಳದಿದ್ದರೆ ಇನ್ನು ಹೇಳುವ ಹಾಗೇ ಇಲ್ಲ.*

ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮೈಕನ್ನು ತುಟಿಯ ಹತ್ತಿರ ತಂದುಕೊಂಡಳು.

"ದೇವನೂರಿನವರು ನನ್ನ ನೋಡೋಕೆ ಬಂದಿದಾರೆ. ನನಗೆ ಅವರು ಬೇಡ. ನನಗೆ… ನೀವು ಬೇಕು. ಅಜ್ಜಂಪುರಕ್ಕೆ ಬಂದು ನಮ್ಮಪ್ಪನ್ನ ಕೇಳ್ತೀರಾ?"

ಹೇಳಿಬಿಟ್ಟಳು! ಅವನ ಕಣ್ಣು ಕ್ಯಾಮೆರಾದ ಒಳಗೇ ಇತ್ತು. ಹುಬ್ಬು ಗಂಟಿಕ್ಕಿತು. ಅವನು ತಲೆಯಾಡಿಸಿದ.

"ಊಹೂಂ. ಇದು ಆಗೋದಲ್ಲ," ಎಂದ. "ಇವತ್ತಲ್ಲ ನಾಳೆ ಸರಿಹೋಗುತ್ತೆ ಅಂತ ನಾನೂ ನೋಡ್ತಾನೇ ಇದೀನಿ. ಸಾಕಾಗಿಹೋಯ್ತು. ಇದನ್ನ ನಂಬ್ಕೊಂಡ್ರೆ ನಾನು ಕೆಟ್ಟೆ. ಇಲ್ಲಿಗೇ ಬಿಟ್ಬಿಡೋಣ."

ಪಿನ್ನು ಕಿತ್ತು, ಅವಳ ಕೈಯಿಂದ ಮೈಕನ್ನು ತೆಗೆದುಕೊಂಡು ಚೀಲಕ್ಕೆ ಎಸೆದು, ಮಂಟಪದ ಕಡೆ ಹೊರಟುಹೋದ.

ವಿಮಲಾ ನಿಂತಲ್ಲೇ ನಿಂತಳು. ಅಕ್ಷತೆ ಬಿತ್ತು, ಗಟ್ಟಿಮೇಳ ಆಯಿತು, ಯಾರೋ ಅವಳ ಕೈಗೆ ತಟ್ಟೆ ಕೊಟ್ಟರು. ಅವಳಿಗೆ ಯಾವುದೂ ತಲೆಗೆ ಹೋಗಲಿಲ್ಲ. ಇಷ್ಟು ದಿನ ನನ್ನ ಮಾತು ಕೇಳಿ ನಕ್ಕಿದ್ದು ಇದಕ್ಕೇನಾ? ಬೇಡ ಅನ್ನಲಿ, ತಪ್ಪಿಲ್ಲ. ಆದರೆ ಸಾಕಾಗಿಹೋಯ್ತು ಅಂದನಲ್ಲ…

ಊಟದ ಹೊತ್ತಿಗೆ ಕರಿಸಿದ್ದಪ್ಪನವರು ಒಪ್ಪಿಗೆ ಹೇಳಿದರು. ಅಪ್ಪ ಮಗಳ ಮುಖ ನೋಡಿದ. ಮಗಳು ತಲೆ ತಗ್ಗಿಸಿ "ಹೂಂ" ಅಂದಳು.

* * *

ವಿಮಲಾ ಮತ್ತೆ ಟೈಪಿಂಗ್ ಕ್ಲಾಸಿಗೆ ಹೋಗಲಿಲ್ಲ. ಕಡೂರಿನಿಂದ ನೇರವಾಗಿ ಅಜ್ಜಂಪುರದ ಮನೆಗೆ ಬಂದವಳು ಅಲ್ಲೇ ಉಳಿದಳು. ಅವ್ವ ಪಾತ್ರೆಪಡಗ ಜೋಡಿಸುತ್ತಿದ್ದಳು. ದೀಪಾವಳಿ ಕಳೆದ ಮೇಲೆ ಲಗ್ನವೆಂದು ಗೊತ್ತಾಗಿತ್ತು. ವಿಮಲಾ ಕರೆದರೆ ಬರುತ್ತಿದ್ದಳು, ಕೊಟ್ಟರೆ ಉಣ್ಣುತ್ತಿದ್ದಳು. ಅಕ್ಕಿ ಆರಿಸಲು ಕೂತರೆ ಕಲ್ಲು ಕಣ್ಣಿಗೆ ಕಾಣದೆ ಹಾಗೇ ಉಳಿಯುತ್ತಿತ್ತು.

ಒಂದು ದಿನ ಕಾಶಮ್ಮ ಬಂದವಳು ಮಾತಿಗೆ ಮಾತು ಬಂದು ಹೇಳಿದಳು. "ಆ ವಿಡಿಯೋ ತೀರ್ಥಪ್ಪ ನಿನ್ನ ವಿಚಾರಿಸ್ತಿದ್ದ ಕಣೇ. ಯಾಕೆ ಕ್ಲಾಸ್ ಬಿಟ್ರು ಅಂತ. ಮದ್ವೆ ಗೊತ್ತಾಗೈತೆ ಅಂದೆ. ಸುಮ್ಕೆ ಹೊರಟೋದ."

*ವಿಚಾರಿಸುತ್ತಾನಂತೆ. ಸಮಾಧಾನವಾಯಿತೇನೋ ಪೀಡೆ ತೊಲಗಿತು ಅಂತ.* ವಿಮಲಾ ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡಳು.

ಹೊಸ ಅಳಿಯನ ಮೊದಲ ದೀಪಾವಳಿಗೆ ಕಡೂರಿನ ಬೀಗರು ಎಲ್ಲರನ್ನೂ ಕರೆದಿದ್ದರು. ಬಾಡಿಗೆಗೆ ಕಲರ್ ಟೀವಿ, ವಿ.ಸಿ.ಆರ್. ತಂದು ಹಜಾರದಲ್ಲಿಟ್ಟಿದ್ದರು. ತೀರ್ಥಪ್ಪ ಮದುವೆಯ ಕ್ಯಾಸೆಟ್ ಕಳಿಸಿ ಬಹಳ ದಿನವಾಗಿತ್ತು, ಎಲ್ಲ ಒಟ್ಟಿಗೆ ಸೇರಿದಾಗಲೇ ನೋಡೋಣವೆಂದು ಕಾದಿದ್ದರು. ಕರಿಸಿದ್ದಪ್ಪನವರು ಮಗನ ಸಮೇತ ಮುಂದಿನ ಕುರ್ಚಿಗಳಲ್ಲಿ ಕೂತಿದ್ದರು. ವಿಮಲಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ಪರದೆಯ ಮೇಲೆ ಮಂಟಪ ಕಂಡಿತು. ತಾಂಬೂಲದ ತಟ್ಟೆಗಳು ಕಂಡವು. ಆಗ ಓಲಗವನ್ನು ಹಿಂದಕ್ಕೆ ಸರಿಸಿ ಒಂದು ಹೆಣ್ಣಿನ ದನಿ, ಕಿವಿಯಲ್ಲೇ ಹೇಳಿದಷ್ಟು ಸ್ಪಷ್ಟವಾಗಿ, ಇಡೀ ಹಜಾರಕ್ಕೆ ಕೇಳಿಸಿತು.

"ದೇವನೂರಿನವರು ನನ್ನ ನೋಡೋಕೆ ಬಂದಿದಾರೆ. ನನಗೆ ಅವರು ಬೇಡ. ನನಗೆ… ನೀವು ಬೇಕು…"

ಮಾತು ಮುಗಿಯಿತು. ಅದರ ಹಿಂದೆಯೇ ಗಂಡಸಿನ ದನಿ. "ಊಹೂಂ. ಇದು ಆಗೋದಲ್ಲ…"

ಆ ಎರಡು ದನಿ ಯಾರವೆಂದು ಕೇಳುವ ಅಗತ್ಯ ಯಾರಿಗೂ ಬರಲಿಲ್ಲ. ಕರಿಸಿದ್ದಪ್ಪನವರು ಎದ್ದು ಶಲ್ಯ ಹೆಗಲಿಗೆ ಹಾಕಿಕೊಂಡರು. "ಮಲ್ಲಿಕಾರ್ಜುನಪ್ಪ, ನಾವು ಬತ್ತೀವಿ," ಎಂದಷ್ಟೇ ಹೇಳಿ ಮಗನನ್ನು ಕರೆದುಕೊಂಡು ಹೊರಟರು. ಹಬ್ಬದ ಊಟಕ್ಕೆ ಎಲೆ ಹಾಕಿಯಾಗಿತ್ತು. ಯಾರೂ ತಡೆಯಲಿಲ್ಲ.

ಹೆಂಗಸರ ಗುಂಪಿನಲ್ಲಿ ಯಾರೋ ಅಂದದ್ದು ವಿಮಲಾಳ ಕಿವಿಗೆ ಬಿತ್ತು. "ತಾನಾಗೇ ಹೋಗಿ ಕೇಳಿದ್ದೂ ಅಲ್ದೆ, ಬೇಡ ಅನ್ನಿಸ್ಕೊಂಡ್ಲಲ್ಲ."

ಆ ಕ್ಷಣ ನೆಲ ಬಾಯಿ ತೆರೆದಿದ್ದರೆ ಅವಳು ಖಂಡಿತ ಒಳಗಿಳಿಯುತ್ತಿದ್ದಳು.

ಅಜ್ಜಂಪುರಕ್ಕೆ ವಾಪಸು ಬರುವ ಬಸ್ಸಿನಲ್ಲಿ ಅಪ್ಪ ಒಂದು ಮಾತೂ ಆಡಲಿಲ್ಲ. ಕೊಟ್ಟ ಮಾತು ಬೀದಿಗೆ ಬಿದ್ದಿತ್ತು. ಮರುದಿನ ಅಂಗಡಿಯ ಬಾಗಿಲು ತೆಗೆಯಲಿಲ್ಲ. ಅವ್ವ ಒಲೆಯ ಮುಂದೆ ಕೂತು ಅತ್ತಳು. ಬೈದಿದ್ದರೆ, ಎರಡೇಟು ಹೊಡೆದಿದ್ದರೆ ವಿಮಲಾ ತಡೆದುಕೊಳ್ಳುತ್ತಿದ್ದಳು. ಆ ಮೌನವನ್ನು ತಡೆಯಲಾಗಲಿಲ್ಲ.

*ಬೇಡ ಅಂದವನು ಬೇಡ ಅಂದು ಸುಮ್ಮನಿರಬಾರದಿತ್ತೇ? ಅದನ್ನು ಕ್ಯಾಸೆಟ್ಟಿನಲ್ಲಿ ಬಿಟ್ಟು, ಊರೆಲ್ಲ ಕೂತು ನೋಡುವ ಹಾಗೆ ಮಾಡಬೇಕಿತ್ತೇ? ನಾನು ಅವನಿಗೆ ಏನು ದ್ರೋಹ ಮಾಡಿದ್ದೆ?*

ಪ್ರೀತಿ ಸತ್ತಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಸತ್ತಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಕೊನೆಗೆ ಅಪ್ಪನೇ ಬಾಯಿಬಿಟ್ಟ. "ಬೀಗರ ಹತ್ರ ಕ್ಯಾಸೆಟ್ ಇಸ್ಕೊಂಡು ಬಂದಿದೀನಿ. ತರೀಕೆರೆಗೆ ಹೋಗಿ ಆ ಮಾತು ಅಳಿಸ್ಕೊಂಡು ಬತ್ತೀನಿ. ಮನೆತನದ ಮರ್ಯಾದೆ ಅಷ್ಟಾದ್ರೂ ಉಳೀಲಿ."

"ನಾನೂ ಬರ್ತೀನಿ ಅಪ್ಪ," ಎಂದಳು ವಿಮಲಾ. "ನನ್ನ ಎದುರಿಗೇ ಅಳಿಸ್ಲಿ."

* * *

ಸ್ಟುಡಿಯೋ ಬಾಗಿಲಲ್ಲಿ ಅವರಿಬ್ಬರನ್ನು ಕಂಡು ತೀರ್ಥಪ್ಪ ತಡಬಡಾಯಿಸಿ ಎದ್ದ. ಸೊರಗಿದ್ದ. ಗಡ್ಡ ಬೋಳಿಸಿರಲಿಲ್ಲ. ವಿಮಲಾಳನ್ನು ನೋಡಿ ನಗಲು ಹೋಗಿ, ಅವಳ ಮುಖ ನೋಡಿ ಸುಮ್ಮನಾದ.

"ಮದುವೆಗೆ ಕರೆಯೋಕೆ ಬಂದ್ರಾ?" ಎಂದ, ಮೆಲ್ಲಗೆ.

"ಕಡೂರಲ್ಲಿ ದೇವನೂರಿನೋರ ಎದುರಿಗೇ ಇದನ್ನ ಹಾಕಿ ಮಗಳ ಸಂಬಂಧ ಮುರೀತು. ನಮ್ಮ ಹೊಟ್ಟೆ ಉರಿಸಿದ್ದು ಸಾಲ್ದಾ ಇನ್ನೂ?" ಮಲ್ಲಿಕಾರ್ಜುನಪ್ಪ ಕ್ಯಾಸೆಟ್ಟನ್ನು ಮೇಜಿನ ಮೇಲೆ ಕುಕ್ಕಿದ. "ಹಾಕು. ಮೊದ್ಲ ಭಾಗದಲ್ಲೇ ಐತೆ. ಕೇಳಿ, ಅಳಿಸು."

ತೀರ್ಥಪ್ಪನಿಗೆ ತಲೆಬುಡ ಗೊತ್ತಾಗಲಿಲ್ಲ. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಅವನು ಕೇಳಿ ನೋಡಿದ್ದು ಮಾಂಗಲ್ಯದಿಂದ ಈಚಿನದು ಮಾತ್ರ. ಅಲ್ಲಿ ದನಿ ಸರಿಯಾಗಿದೆಯೆಂದು ಖಾತ್ರಿಯಾದ ಮೇಲೆ ಕಳಿಸಿಬಿಟ್ಟಿದ್ದ. ಈಗ ಹಾಕಿದ. ಮಂಟಪ ಬಂತು. ತಟ್ಟೆಗಳು ಬಂದವು. ಟೀವಿಯಿಂದ ವಿಮಲಾ ಮಾತಾಡಿದಳು.

ಮಾತು ಮುಗಿಯಿತು. ತನ್ನದೇ ದನಿ "ಊಹೂಂ" ಅಂದಿತು. ಪಿನ್ನು ಕಿತ್ತ ಸದ್ದು ಟಕ್ ಎಂದಿತು. ಅವನು ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಹಾಕಿದ. ಮತ್ತೊಮ್ಮೆ ಹಾಕಿದ.

"ಮೈಕ್ ಚೆನ್ನಾಗಿದೆ," ಎಂದ.

ವಿಮಲಾಳಿಗೆ ಅಡಿಯಿಂದ ಮುಡಿಯವರೆಗೂ ಉರಿದುಹೋಯಿತು. "ಇಷ್ಟೆಲ್ಲ ಆದ ಮೇಲೂ ನಿಮಗೆ ನಿಮ್ಮ ಮೈಕಿನ ಯೋಚ್ನೆನೇನ್ರೀ?"

ಅವನು ಕ್ಯಾಸೆಟ್ಟನ್ನು ತೆಗೆದು ಕ್ಯಾಮೆರಾಕ್ಕೆ ಹಾಕಿದ. ಇಯರ್‌ಫೋನನ್ನು ಎಡಗಿವಿಗೆ ಸಿಕ್ಕಿಸಿಕೊಂಡು ಕಾದ. ಅದನ್ನೇ ತೆಗೆದು ಬಲಗಿವಿಗೆ ಹಾಕಿಕೊಂಡ. ಮತ್ತೆ ಎಡಗಿವಿಗೆ. ಅವನ ಮುಖದ ಬಣ್ಣ ಇಳಿಯುವುದನ್ನು ವಿಮಲಾ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಕೋಪಕ್ಕೆ ಕಾಲಿಲ್ಲದಂತಾಯಿತು.

ಅವನು ಸ್ಟೂಲಿನ ಮೇಲೆ ಕುಸಿದು ಕೂತ.

"ಮೈಕ್ ಯಾವತ್ತೂ ಕೆಟ್ಟಿರಲಿಲ್ಲ. ಕೆಟ್ಟಿರೋದು ನನ್ನ ಕಿವಿ."

ಅವನು ಇಯರ್‌ಫೋನನ್ನು ಎಡಗಿವಿಯಿಂದ ಕಿತ್ತು ಮೇಜಿನ ಮೇಲಿಟ್ಟ.

"ಚಿಕ್ಕಂದಿನಲ್ಲಿ ಎಡಗಿವಿ ಸೋರ್ತಿತ್ತು. ಅವ್ವ ಎಣ್ಣೆ ಕಾಯಿಸಿ ಬಿಡ್ತಿದ್ಲು. ವಾಸಿ ಆಯ್ತು ಅಂದ್ಕೊಂಡಿದ್ದೆ. ಇಲ್ಲಿ ಕ್ಯಾಮೆರಾ ಮೇಜಿನ ಮೇಲಿರುತ್ತೆ, ಬಲಗಿವಿಗೆ ಹಾಕ್ಕೊಳ್ತೀನಿ, ಕೇಳಿಸುತ್ತೆ. ಮದುವೇಲಿ ಬಲಭುಜದ ಮೇಲೆ ಅದೇ ಕೂತಿರುತ್ತೆ, ಎಡಗಿವಿಗೆ ಹಾಕ್ಕೊಳ್ತೀನಿ…"

ಬಾಗಿಲಲ್ಲಿ ನಿಂತಿದ್ದ ವಜೀರ್ ಸಾಬ್ ಗಡ್ಡ ಹಿಡಿದುಕೊಂಡರು. "ಆ ಪಕ್ಕದಿಂದ ಕರೆದ್ರೆ ತಿರುಗ್ತಾನೇ ಇರ್ಲಿಲ್ಲ. ಭುಜ ತಟ್ತಿದ್ದೆ. ಕೆಲ್ಸದ ಗ್ಯಾನದಲ್ಲವ್ನೆ ಅಂದ್ಕೊಂಡಿದ್ನಲ್ಲಪ್ಪಾ ನಾನು."

ಮಲ್ಲಿಕಾರ್ಜುನಪ್ಪ ಆ ಹುಡುಗನ ಕಡೆ ತಿರುಗಿದ.

"ಹಂಗಾದ್ರೆ, ಬೇಡ ಅಂದಿದ್ದು ನನ್ನ ಮಗಳನ್ನಲ್ಲ?"

"ಮೈಕನ್ನ ಅಂದಿದ್ದು ಸ್ವಾಮಿ."

"ಈಗ ಕೇಳಿಸ್ತಲ್ಲ. ಈಗ ಏನಂತೀಯ?"

ತೀರ್ಥಪ್ಪ ತಲೆಯೆತ್ತಲಿಲ್ಲ. "ಅನ್ನೋಕೆ ನನಗೇನು ಉಳಿದಿದೆ? ಕಿವಿ ಇಲ್ಲದೋನು ಮದುವೆ ವಿಡಿಯೋ ಹೆಂಗೆ ಮಾಡ್ಲಿ? ಇದು ಬಿಟ್ರೆ ನನಗೆ ಬೇರೆ ಕಸುಬು ಗೊತ್ತಿಲ್ಲ. ನಿಮ್ಮ ಮಗಳ ಮದುವೆ ನನ್ನಿಂದ ಮುರೀತು. ಅಳಿಸ್ತೀನಿ. ಚಿತ್ರ ಉಳಿಸ್ಕೊಂಡು ಮಾತು ಮಾತ್ರ ಅಳಿಸೋಕೆ ಬರುತ್ತೆ."

ಕೈ ಗುಂಡಿಯ ಕಡೆ ಹೋಯಿತು. ವಿಮಲಾ ಅದಕ್ಕಿಂತ ಮೊದಲು ಕ್ಯಾಮೆರಾದ ಮೇಲೆ ಕೈಯಿಟ್ಟಳು. ಯಾಕೆ ಇಟ್ಟಳೆಂದು ಅವಳನ್ನು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಅಪ್ಪ ಮಗಳ ಕೈ ನೋಡಿದ, ಮಗಳ ಮುಖ ನೋಡಿದ. ಶಲ್ಯ ಸರಿಮಾಡಿಕೊಂಡ.

"ಬಸ್ಸಿಗೆ ಇನ್ನೂ ಹೊತ್ತೈತೆ. ಎದುರುಗಡೆ ಟೀ ಕುಡಿದು ಬತ್ತೀನಿ. ಬನ್ನಿ ಸಾಬ್ರೇ, ನೀವೂ." ಬಾಗಿಲಲ್ಲಿ ಒಂದು ಕ್ಷಣ ನಿಂತ. "ಅಳಿಸೋದೋ ಇಟ್ಕೊಳ್ಳೋದೋ, ಅಷ್ಟರಲ್ಲಿ ನೀವೇ ತೀರ್ಮಾನ ಮಾಡ್ಕೊಳ್ಳಿ."

ಅಂಗಡಿಯಲ್ಲಿ ಇಬ್ಬರೇ ಉಳಿದರು. ಮೇಲಿನಿಂದ ಟೈಪ್‌ರೈಟರುಗಳ ಸದ್ದು ಬರುತ್ತಿತ್ತು.

"ನೀವು ಬರೋದು ಬಿಟ್ಟ ಮೇಲೆ ನಾನು ಮೈಕ್ ಮುಟ್ಟಿಲ್ಲ," ಎಂದ ಅವನು. "ಮದುವೆ ಗೊತ್ತಾಗಿದೆ ಅಂದ್ರು. ನನ್ನ ಹತ್ರ ಹೇಳದೆ ಹೋದ್ರಲ್ಲ ಅಂತ ಸಂಕಟ ಆಯ್ತು. ಹೇಳಿದ್ರಿ ಅಂತ ಇವತ್ತು ಗೊತ್ತಾಯ್ತು."

ವಿಮಲಾ ಅಳುತ್ತಿದ್ದಳು. ಇಷ್ಟು ದಿನ ಒಬ್ಬಳೇ ಅತ್ತ ಅಳು ಅದಲ್ಲ.

"ಬಲಗಿವೀನೂ ಹಿಂಗೇ ಹೋಗ್ಬಹುದು ವಿಮಲಾ ಅವ್ರೇ. ಆಮೇಲೆ ನಿಮ್ಮ ದನೀನೇ ನನಗೆ ಇರಲ್ಲ. ಅಂಥೋನ ಜೊತೆ ನಿಮಗ್ಯಾಕೆ…"

"ಮದುವೇಲಿ ಇಯರ್‌ಫೋನ್ ನಾನು ಹಾಕ್ಕೊಳ್ತೀನಿ," ಎಂದಳು ಅವಳು. "ದನಿ ಬಂತೋ ಇಲ್ವೋ ನಾನು ಹೇಳ್ತೀನಿ. ಚಿತ್ರ ನೀವು ನೋಡ್ಕೊಳ್ಳಿ. ನಾಳೆ ಬಲಗಿವಿ ಹೋದ್ರೆ ನಾಳೆ ಅಳೋಣ. ಇವತ್ತಿಗೆ ಅತ್ತಿದ್ದು ಸಾಕು."

ಅವನು ಅವಳನ್ನೇ ನೋಡಿದ.

"ಕಡೂರಿನವ್ರು ಕೇಳಿದ್ರು, ದೇವನೂರಿನವ್ರು ಕೇಳಿದ್ರು. ಯಾರಿಗೆ ಹೇಳಿದ್ರೋ ಅವನಿಗೆ ಮಾತ್ರ ಕೊನೆಗೆ ಟೀವಿಯಿಂದ ಕೇಳಿಸ್ತು. ನಿಮ್ಮ ಬಾಯಿಂದ ಒಂದೇ ಒಂದು ಸಲ ಹೇಳ್ತೀರಾ?"

ವಿಮಲಾ ಸ್ಟೂಲಿನ ಸುತ್ತ ನಡೆದು ಅವನ ಬಲಕ್ಕೆ ಬಂದು ಬಗ್ಗಿ, ಹೇಳಿದಳು. ಪೂರ್ತಿ ಹೇಳಿದಳು. ಮುಗಿಯುವ ಹೊತ್ತಿಗೆ ಅವನ ಕಣ್ಣಿಂದ ನೀರು ಇಳಿದಿತ್ತು.

"ಅಜ್ಜಂಪುರಕ್ಕೆ ಯಾವತ್ತು ಬರ್ಲಿ?"

"ಅಜ್ಜಂಪುರ ಯಾಕೆ? ಅಪ್ಪ ಎದುರಿಗೇ ಟೀ ಕುಡೀತಿದಾರೆ. ಹೋಗಿ ಕೇಳಿ."

ಅವನು ಎದ್ದ. ಅಂಗಿಯ ಗುಂಡಿ ಹಾಕಿಕೊಂಡ. ಹೊಸ್ತಿಲವರೆಗೂ ಹೋಗಿ ತಿರುಗಿ ನಿಂತ.

"ಕೊಡಲ್ಲ ಅಂದ್ರೆ?"

ವಿಮಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆ ಮಾತನ್ನ ಎಡಗಿವೀಲಿ ಕೇಳಿಸ್ಕೊಳ್ಳಿ."